ಜಪಾನಿ ಭಾಷೆಯಲ್ಲಿ ‘ಜವಾಬ್ದಾರಿ’ಗೆ ಏನನ್ನುತ್ತಾರೆ? ಸಂದರ್ಶನದಲ್ಲಿ ಹೇಗೆ ಬಳಸಬೇಕು? ‘ನಾನು ಜವಾಬ್ದಾರಿ ತೆಗೆದುಕೊಳ್ಳುತ್ತೇನೆ’ ಎನ್ನಬಹುದೇ? ಇಂಥ ಪದಗಳನ್ನು ಪದಪಟ್ಟಿಯಿಂದ ಕಲಿಯಲೇ, ಅನಿಮೆ (ಜಪಾನಿ ಕಾರ್ಟೂನ್) ನೋಡಿ ಕಲಿಯಲೇ?

ಪದ ‘ಸೆಕಿನಿನ್’. ಆದರೆ ‘ನಾನು ಜವಾಬ್ದಾರಿ ತೆಗೆದುಕೊಳ್ಳುತ್ತೇನೆ’ ಎಂದು ಸಂದರ್ಶನದಲ್ಲಿ ಹೇಳಲು ಹೊರಟಿದ್ದೀರಿ ಎಂದು ಓದಿ ಎದೆ ಧಸಕ್ಕೆಂದಿತು. ಇದೇ ವಾಕ್ಯ ಜಪಾನಿನ ನಗೋಯಾದಲ್ಲಿ ನನಗೆ ಸಿಗಬೇಕಿದ್ದ ತರಬೇತಿಯನ್ನು ಕಿತ್ತುಕೊಂಡಿತು.

ಆಗ ನಾನು ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೆ. ಜೆಎಲ್‌ಪಿಟಿ ಎನ್3, ಅಂದರೆ ಜಪಾನಿ ಭಾಷಾ ಪರೀಕ್ಷೆಯ ಮಧ್ಯದ ಹಂತ, ಪಾಸಾಗಿತ್ತು. ನಾವು ಕಳುಹಿಸಿದ ಬ್ರಾಕೆಟ್‌ಗಳ ಅಂಚಿನಲ್ಲಿ ಬೆರಳು ಕೊಯ್ಯುವಂಥ ತಗಡಿನ ಚೂರು ಉಳಿದಿದೆ ಎಂದು ಜಪಾನಿನ ಗ್ರಾಹಕರಿಂದ ದೂರು ಬಂತು. ತಪ್ಪು ಯಾರದೆಂದು ಇನ್ನೂ ಪತ್ತೆಯಾಗಿರಲಿಲ್ಲ. ವಿಡಿಯೊ ಸಭೆಯಲ್ಲಿ ‘ಇದನ್ನು ಯಾರು ನೋಡಿಕೊಳ್ಳುತ್ತೀರಿ?’ ಎಂದು ಕೇಳಿದರು. ಎಲ್ಲರಿಗಿಂತ ಮೊದಲು ನಾನೇ ‘ವತಾಶಿ ಗಾ ಸೆಕಿನಿನ್ ಓ ತೊರಿಮಾಸು’ ಎಂದೆ.

ವ್ಯಾಕರಣ ಸರಿಯಿತ್ತು. ‘ತೊರಿಮಾಸು’ವಿನ ಮೂಲ ‘ತೊರು’ ಎಂದರೆ ತೆಗೆದುಕೊಳ್ಳು, ಆದ್ದರಿಂದ ಜವಾಬ್ದಾರಿ ತೆಗೆದುಕೊಳ್ಳುವುದು ‘ಸೆಕಿನಿನ್ ಓ ತೊರು’ ಎಂದು ಕನ್ನಡದ ಲೆಕ್ಕದಲ್ಲೇ ಜೋಡಿಸಿದ್ದೆ. ಕನ್ನಡದಲ್ಲಿ ಆ ಮಾತು ಮುಂದೆ ಮಾಡಬೇಕಾದ ಕೆಲಸದ ಕಡೆ ನೋಡುತ್ತದೆ. ಜಪಾನಿಯಲ್ಲಿ ಅದು ಸಾಮಾನ್ಯವಾಗಿ ಆಗಿಹೋದದ್ದರ ಕಡೆ ತಿರುಗುತ್ತದೆ. ನಮ್ಮ ಪತ್ರಿಕೆಗಳು ‘ನೈತಿಕ ಹೊಣೆ ಹೊತ್ತು ರಾಜೀನಾಮೆ’ ಎಂದು ಬರೆಯುತ್ತವಲ್ಲ, ಹಾಗೆ ಜಪಾನಿನಲ್ಲಿ ಮಂತ್ರಿಯೋ ಕಂಪನಿಯ ಮುಖ್ಯಸ್ಥರೋ ಕುರ್ಚಿ ಬಿಟ್ಟಾಗ ಬರುವ ಮಾತು ಇದು. ದೂರಿನ ಸಭೆಯಲ್ಲೇ ಅದನ್ನು ಆಡಿದ್ದೆನಾದ್ದರಿಂದ ಬೇರೆ ಅರ್ಥಕ್ಕೆ ಎಡೆಯೇ ಇರಲಿಲ್ಲ. ‘ತನಿಖೆ ನಾನು ನೋಡಿಕೊಳ್ಳುತ್ತೇನೆ’ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ‘ತಪ್ಪು ನಮ್ಮದು, ಅದರ ಫಲ ನಾವೇ ಅನುಭವಿಸುತ್ತೇವೆ’ ಎಂಬುದು ಅವರಿಗೆ ಕೇಳಿಸಿದ್ದು. ಯಾರೂ ಮರುಪ್ರಶ್ನೆ ಹಾಕಲಿಲ್ಲ. ಸಂಜೆ ಬಂದ ‘ಗಿಜಿರೊಕು’, ಅಂದರೆ ಸಭೆಯ ನಡಾವಳಿಯಲ್ಲಿ, ನನ್ನ ಹೆಸರಿನ ಮುಂದೆ ಆ ವಾಕ್ಯ ಅಚ್ಚುಕಟ್ಟಾಗಿ ಕುಳಿತಿತ್ತು.

ಅಂಚು ಉಜ್ಜುವ ಕೆಲಸ ಕೆಟ್ಟದ್ದು ಹೊರಗುತ್ತಿಗೆಯವರಲ್ಲಿ ಎಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮಾಲನ್ನೆಲ್ಲ ಮತ್ತೆ ವಿಂಗಡಿಸುವ ಖರ್ಚು ನಮ್ಮ ವಿಭಾಗದ ತಲೆಗೆ ಬಂದಿತ್ತು. ತರಬೇತಿಗೆ ಬೇರೆಯವರು ಹೋದರು.

ನಾನು ಹೇಳಬೇಕಿದ್ದದ್ದು ‘ವತಾಶಿ ಗಾ ತಾಂತೋ ಶಿಮಾಸು’, ಅಂದರೆ ಈ ಕೆಲಸ ನನ್ನ ಪಾಲಿನದು. ಸೆಕಿನಿನ್ ಬೇಕೇಬೇಕೆಂದರೆ ‘ಸೆಕಿನಿನ್ ಓ ಮೊತ್ತೆ ತೈಓ ಶಿಮಾಸು’, ಜವಾಬ್ದಾರಿಯಿಂದ ನಿಭಾಯಿಸುತ್ತೇನೆ. ‘ಮೊತ್ತೆ’ಯ ಮೂಲ ‘ಮೊತ್ಸು’ ಎಂದರೆ ಹಿಡಿದುಕೊಂಡಿರುವುದು. ವಹಿಸಿದ್ದನ್ನು ಪೂರೈಸಿದರೆ ‘ಹತಾಸು’. ಸೆಕಿನಿನ್ ಪದವನ್ನು ಎರಡು ಕಾಂಜಿಯಲ್ಲಿ, ಅಂದರೆ ಚೀನೀ ಮೂಲದ ಅಕ್ಷರಗಳಲ್ಲಿ, ಬರೆಯುತ್ತಾರೆ. ಮೊದಲನೆಯದು ದೂಷಿಸುವುದು ಎಂಬ ಅರ್ಥದ ‘ಸೆಮೆರು’ವಿನಲ್ಲಿಯೂ, ಎರಡನೆಯದು ಒಪ್ಪಿಸುವುದು ಎಂಬ ‘ಮಕಾಸೆರು’ವಿನಲ್ಲಿಯೂ ಬರುತ್ತದೆ. ದೂಷಣೆಯೋ ನಂಬಿಕೆಯೋ, ಯಾವುದು ಮೇಲೇಳಬೇಕೆಂದು ಕ್ರಿಯಾಪದ ತೀರ್ಮಾನಿಸುತ್ತದೆ. ಬರೀ ನಾಮಪದ ಕಲಿಸಿ ಕಳುಹಿಸುವ ತರಗತಿಗಳ ಮೇಲೆ ನನಗೆ ಈಗಲೂ ಸಿಟ್ಟಿದೆ.

ಪದಪಟ್ಟಿಯೋ ಅನಿಮೆಯೋ ಎಂದು ಕೇಳಿದ್ದೀರಿ. ಪಟ್ಟಿಯಲ್ಲಿ ಕ್ರಿಯಾಪದವಿರುವುದಿಲ್ಲ. ಅನಿಮೆಯ ‘ಸೆಕಿನಿನ್ ತೊತ್ತೆ’ ಎಷ್ಟೋ ಕಡೆ ‘ನನ್ನನ್ನು ಮದುವೆಯಾಗು’ ಎಂಬ ಪಟ್ಟು. ಜಪಾನಿನ ಫಲಕಗಳ ಚಿತ್ರಗಳನ್ನು ನೋಡಿ ಕಲಿಯಿರಿ. ಕಚೇರಿ ಕೋಣೆಯ ಬಾಗಿಲ ಬಳಿ ‘ಹಿಮೊತೊ ಸೆಕಿನಿನ್‌ಶಾ’ ಎಂಬ ಪುಟ್ಟ ಪಟ್ಟಿ ಇರುತ್ತದೆ, ಅಲ್ಲಿ ಬೆಂಕಿ ಅನಾಹುತವಾಗದಂತೆ ನೋಡಿಕೊಳ್ಳುವವರ ಹೆಸರು ಅದರ ಮೇಲೆ. ಹೋಟೆಲಿನಲ್ಲಿ ‘ಶೊಕುಹಿನ್ ಏಸೇ ಸೆಕಿನಿನ್‌ಶಾ’, ಆಹಾರ ನೈರ್ಮಲ್ಯದ ಹೊಣೆಗಾರ. ಒಪ್ಪಿಸಿದ್ದನ್ನು ಕಾಯುವ ಮನುಷ್ಯ ಅಲ್ಲಿ ಕಣ್ಣಿಗೆ ಕಾಣುತ್ತಾನೆ.

ಇನ್ನು ಸಂದರ್ಶನ. ‘ನನಗೆ ಜವಾಬ್ದಾರಿಯ ಪ್ರಜ್ಞೆ ಹೆಚ್ಚು’ ಎನ್ನುವ ‘ಸೆಕಿನಿನ್‌ಕಾನ್ ಗಾ ತ್ಸುಯೊಯ್’ ಅಭ್ಯರ್ಥಿಗಳ ಬಾಯಲ್ಲಿ ಸವೆದುಹೋಗಿದೆ, ಅದರಿಂದ ಶುರುಮಾಡಬೇಡಿ. ಹಿಂದಿನ ಕೆಲಸದಲ್ಲಿ ನಿಮಗೆ ಒಪ್ಪಿಸಿದ್ದು ಏನು, ಅಡ್ಡಿ ಬಂದಾಗ ಯಾರಿಗೆ ಯಾವಾಗ ತಿಳಿಸಿದಿರಿ, ಎಲ್ಲಿಗೆ ಮುಟ್ಟಿಸಿದಿರಿ ಎಂದು ಒಂದೇ ಪ್ರಸಂಗ ಹೇಳಿ. ಕೊನೆಗೆ ‘ಸೆಕಿನಿನ್ ಓ ಮೊತ್ತೆ ಯಾರಿತೊಗೆಮಾಶಿತಾ’ ಎಂದು ಸೇರಿಸಿದರೆ, ಜವಾಬ್ದಾರಿಯಿಂದ ಮುಗಿಸಿಕೊಟ್ಟೆ ಎಂದಾಗುತ್ತದೆ. ‘ತೊರಿಮಾಸು’ ಮಾತ್ರ ಅಪ್ಪಿತಪ್ಪಿಯೂ ಬೇಡ.