ಹೆಡ್‌ರೂಮ್ ಅಂದರೆ ಮೇಲೆ ಬಿಟ್ಟ ಜಾಗ

ರೆಕಾರ್ಡಿಂಗ್‌ನಲ್ಲಿ ‘ಹೆಡ್‌ರೂಮ್ ಬಿಡಿ’ ಅಂದರೆ ಸುಮ್ನೆ ವಾಲ್ಯೂಮ್ ಇಳಿಸಿ ಅಂತಾನಾ ಎಂದು ಕೇಳಿದ್ದೀರಿ. ಅಲ್ಲ. ಡಿಜಿಟಲ್ ರೆಕಾರ್ಡರ್‌ನಲ್ಲಿ ಸದ್ದಿಗೆ ಒಂದು ಗಡಿ ಇದೆ, ಮೀಟರಿನಲ್ಲಿ ಅದು 0 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ). ನಿಮ್ಮ ಅತಿ ಜೋರಾದ ಸದ್ದಿಗೂ ಆ ಗಡಿಗೂ ನಡುವೆ ಉಳಿಯುವ ಜಾಗವೇ ಹೆಡ್‌ರೂಮ್. ಮೀಟರ್ ಮೈನಸ್ 12ರವರೆಗೆ ಮಾತ್ರ ಏರಿತು ಅಂದರೆ 12 ಡಿಬಿ ಹೆಡ್‌ರೂಮ್ ಇದೆ ಅಂತ.

ನಾನು ಕೊಪ್ಪದ ಕಡೆ ಯಕ್ಷಗಾನ ರೆಕಾರ್ಡ್ ಮಾಡುತ್ತೇನೆ. ಭಾಗವತರು ಮೆಲ್ಲಗೆ ಹಾಡುವಾಗ ಮೀಟರ್ ನೋಡಿ ಗೇನ್ (ಮೈಕ್‌ನಿಂದ ಬರುವ ಸದ್ದನ್ನು ರೆಕಾರ್ಡರ್ ಎಷ್ಟು ಹಿಗ್ಗಿಸಬೇಕು ಅನ್ನುವ ಮಟ್ಟ) ಇಟ್ಟುಬಿಟ್ಟರೆ, ಚಂಡೆಗೆ ಪೆಟ್ಟು ಬಿದ್ದ ತಕ್ಷಣ ಸದ್ದು ಆ ಗಡಿ ದಾಟಿ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಆಮೇಲೆ ಮನೆಯಲ್ಲಿ ಕೂತು ಎಷ್ಟು ವಾಲ್ಯೂಮ್ ಇಳಿಸಿದರೂ ಆ ಒಡಕು ಸದ್ದು ಹಾಗೇ ಇರುತ್ತದೆ. ಅದಕ್ಕೇ ಮೊದಲು ಚಂಡೆಯವರಿಗೆ ಜೋರಾಗಿ ಬಾರಿಸಲು ಹೇಳಿ, ಆಗ ಮೀಟರ್ ಮೈನಸ್ 10ರ ಹತ್ತಿರ ನಿಲ್ಲುವಂತೆ ಗೇನ್ ಇಡಿ. ಆಟ ರಂಗೇರಿದಾಗ ಅವರು ಇನ್ನೂ ಜೋರು ಬಾರಿಸುತ್ತಾರೆ, ಅಲ್ವಾ?

ದನಿ ಸಣ್ಣದಾಯಿತು ಅಂತ ಹೆದರಬೇಡಿ. 24 ಬಿಟ್‌ನಲ್ಲಿ (ಸಣ್ಣ ಸದ್ದನ್ನೂ ಸೂಕ್ಷ್ಮವಾಗಿ ಹಿಡಿಯುವ ರೆಕಾರ್ಡರ್ ಸೆಟ್ಟಿಂಗ್) ರೆಕಾರ್ಡ್ ಮಾಡಿ, ಆಮೇಲೆ ಆರಾಮಾಗಿ ಏರಿಸಬಹುದು.

ಆಂಪ್ಲಿಫೈಯರ್‌ಗೂ ಇದೇ ಪದ ಬಳಸುತ್ತಾರೆ. ಮಾಮೂಲಿ ಸದ್ದಿಗಿಂತ ಮೇಲೆ, ಒಡೆಯದೆ ಇನ್ನೆಷ್ಟು ಕೊಡಬಲ್ಲದು ಅನ್ನುವುದೇ ಅದರ ಹೆಡ್‌ರೂಮ್.