ದಿ ಇವಿಲ್ ವಿದಿನ್: ಮೂರನೇ ಅಧ್ಯಾಯದ ಹಳ್ಳಿಯಲ್ಲಿ ಗುಂಡು ಸಾಲ್ತಿಲ್ಲ, ಏನು ಮಾಡಬೇಕು?

'ದಿ ಇವಿಲ್ ವಿದಿನ್' ಅನ್ನೋ ಹಾರರ್ ವಿಡಿಯೊ ಗೇಮಲ್ಲಿ ಗುಂಡೆಲ್ಲ ಖಾಲಿಯಾಗಿ ಗರಗಸ ಹಿಡಿದ ದೈತ್ಯನ ಕೈಲಿ ಸಾಯ್ತಿದ್ದೀನಿ, ಇದು ಆಕ್ಷನ್ ಗೇಮಾ ಅಡಗಿ ಆಡೋ ಗೇಮಾ ಅಂತ ಕೇಳಿದ್ದೀರಿ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಸೇವ್ ಉಳಿಯುತ್ತಾ ಅಂತಲೂ ಕೇಳಿದ್ದೀರಿ.

ಆಕ್ಷನ್ ಗೇಮೇ. ಆದರೆ ಇದರಲ್ಲಿ ಮುಖ್ಯ ಆಯುಧ ಪಿಸ್ತೂಲ್ ಅಲ್ಲ, ಬೆಂಕಿಕಡ್ಡಿ. ನಿರ್ದೇಶಕ ಶಿಂಜಿ ಮಿಕಾಮಿ 'ರೆಸಿಡೆಂಟ್ ಇವಿಲ್ 4' ಮಾಡಿದವರು. ಆ ಗೇಮ್ ಆಡಿ ಬಂದವರು ಅದೇ ರೂಢಿಯಲ್ಲಿ ಎದುರಿಗೆ ಬಂದವರನ್ನೆಲ್ಲ ಗುಂಡಲ್ಲೇ ಮುಗಿಸೋಕೆ ಹೋಗ್ತಾರೆ. ಇಲ್ಲಿ ಗುಂಡು ತಿಂದು ಬಿದ್ದವನು ಮತ್ತೆ ಏಳ್ತಾನೆ. ಅವನಿಗೆ ಇನ್ನೂ ಮೂರು ಗುಂಡು ಖರ್ಚು. ಬದಲಿಗೆ ಕಾಲಿಗೆ ಹೊಡೆದು ಕೆಡವಿ, ಬಿದ್ದ ಕೂಡಲೇ ಕಡ್ಡಿ ಗೀರಿ ಹಾಕಿ. ಅಲ್ಲಿಗೆ ಮುಗೀತು. ಹಿಂದೆ ಇನ್ನೊಬ್ಬ ಬರ್ತಿದ್ದರೆ ಒಂದು ಕ್ಷಣ ಕಾಯಿರಿ: ಬಿದ್ದವನ ಪಕ್ಕಕ್ಕೆ ಬಂದಾಗ ಹಚ್ಚಿದರೆ ಆ ಬೆಂಕಿ ಇವನಿಗೂ ಹತ್ತುತ್ತೆ, ಒಂದೇ ಕಡ್ಡಿಗೆ ಇಬ್ಬರು. ನೆಲದ ಮೇಲೆ ಮೊದಲೇ ಬಿದ್ದಿರೋ ಹೆಣಗಳನ್ನೂ ಹೀಗೇ ಬಳಸಬಹುದು, ಹಾಗಾಗಿ ಅವನ್ನ ಸುಮ್ಮನೆ ಸುಡಬೇಡಿ.

ಹಳ್ಳಿಯಲ್ಲಿ ಬಹಳಷ್ಟು ಜನ ತಪ್ಪೋದು ಕ್ರಮದಲ್ಲಿ. ಗೇಟಿನ ಸರಪಳಿ ಕತ್ತರಿಸೋಕೆ ಗರಗಸ ಬೇಕು, ಗರಗಸ ಇರೋದು ಕೊಟ್ಟಿಗೆಯಲ್ಲಿ ಕಟ್ಟಿಹಾಕಿರೋ ಆ ದೈತ್ಯನ ಹತ್ತಿರ. ಕೊಟ್ಟಿಗೆಗೆ ಕೊನೆಗೆ ಹೋಗಿ. ಅವನು ಸರಪಳಿ ಕಿತ್ತುಕೊಂಡು ಬರೋ ಹೊತ್ತಿಗೆ ಊರಲ್ಲಿ ಬೇರೆ ಯಾರೂ ಉಳಿದಿರಬಾರದು. ಮೊದಲು ಕುಕ್ಕರುಗಾಲಲ್ಲಿ ಮನೆಮನೆ ಸುತ್ತಿ, ಹಿಂದಿನಿಂದ ಹೋಗಿ ಚಾಕು ಹಾಕಿ. ಇದಕ್ಕೆ ಗುಂಡೂ ಬೇಡ, ಕಡ್ಡಿಯೂ ಬೇಡ. ಅಡ್ಡಬಿಲ್ಲು (ಕ್ರಾಸ್‌ಬೋ) ಇದೇ ಅಧ್ಯಾಯದಲ್ಲಿ ಸಿಗುತ್ತೆ. ಅದರ ಫ್ಲ್ಯಾಶ್ ಬಾಣ ಹೊಡೆದರೆ ಸುತ್ತಲಿನವರಿಗೆ ಕಣ್ಣು ಕತ್ತಲೆ ಬರುತ್ತೆ, ಆಗ ಎದುರಿಂದಲೇ ಹೋಗಿ ಚಾಕು ಹಾಕಬಹುದು.

ಬಾಣ ಮಾಡೋಕೆ ಬಿಡಿಭಾಗ ಬೇಕು. ಅದು ಬಲೆಗಳನ್ನ ಬಿಚ್ಚಿದರೆ ಸಿಗುತ್ತೆ. ಗೋಡೆಯ ಬಾಂಬಿಗೆ ಬಗ್ಗಿಕೊಂಡು, ನಿಧಾನವಾಗಿ ಹತ್ತಿರ ಹೋಗಿ. ತೆರೆಯಲ್ಲಿ ಕಾಣೋ ಚಕ್ರದ ಮುಳ್ಳು ಸುತ್ತುತ್ತಾ ನೀಲಿ ಭಾಗಕ್ಕೆ ಬಂದಾಗಲೇ ಬಟನ್ ಒತ್ತಬೇಕು. ತಪ್ಪಿದರೆ ಮುಖದ ಎದುರೇ ಸಿಡಿಯುತ್ತೆ. ಕೈ ನಡುಗ್ತಿದ್ದರೆ ದೂರದಿಂದ ಒಂದು ಗುಂಡು ಹೊಡೆದು ಸಿಡಿಸಿ, ಬಿಡಿಭಾಗ ಹೋದರೆ ಹೋಗಲಿ. ನನ್ನ ಪ್ರಕಾರ ಎಲ್ಲ ಬಾಂಬನ್ನೂ ಬಿಚ್ಚಬಾರದು. ಕೊಟ್ಟಿಗೆಯಿಂದ ನೀವು ಓಡೋ ದಾರಿಯಲ್ಲಿ ಇರೋದನ್ನ ಹಾಗೇ ಬಿಡಿ, ಗರಗಸದವನನ್ನ ಅದರ ಮೇಲೆ ಎಳೆದುಕೊಂಡು ಬರಬಹುದು.

ಓಡೋದು ಅಂದೆ, ಆದರೆ ನೀವು ಆಡಿಸೋ ಪತ್ತೇದಾರ ಸೆಬಾಸ್ಟಿಯನ್ ಮೊದಲಿಗೆ ಓಡೋದು ಬರೀ ಮೂರು ಸೆಕೆಂಡ್. ದಮ್ಮು ಪೂರ್ತಿ ಮುಗಿದರೆ ನಿಂತಲ್ಲೇ ಏದುಸಿರು ಬಿಡ್ತಾನೆ, ಗರಗಸ ತಗಲೋದು ಆಗಲೇ. ಮುಗಿಯೋ ಮುಂಚೆ ಬಟನ್ ಬಿಡಿ. ಶಕ್ತಿ ಹೆಚ್ಚಿಸಿಕೊಳ್ಳೋ ಹಸಿರು ಜೆಲ್ ಸಿಕ್ಕಿದ್ದನ್ನ ಮೊದಲು ಓಟಕ್ಕೆ, ಆಮೇಲೆ ಕಡ್ಡಿ ಇಟ್ಟುಕೊಳ್ಳೋ ಮಿತಿಗೆ ಹಾಕಿ. ಪಿಸ್ತೂಲಿಗೆ ಈಗಲೇ ಸುರಿಯೋದು ದಂಡ. ಎಲ್ಲಾದರೂ ಡೆಬ್ಯುಸಿಯ ಪಿಯಾನೊ ಕೇಳಿಸಿದರೆ ಒಡೆದ ಕನ್ನಡಿ ಹತ್ತಿರದಲ್ಲೇ ಇದೆ ಅಂತ. ಅದರೊಳಗಿನ ಆಸ್ಪತ್ರೆಯಲ್ಲೇ ಜೆಲ್ ಬಳಸೋದು, ನಾವಾಗಿ ಸೇವ್ ಮಾಡೋದು.

(ಕಥೆ ಈಗಲೇ ಗೊತ್ತಾಗಬಾರದು ಅಂದರೆ ಈ ಪ್ಯಾರಾ ಓದಬೇಡಿ.) ಬೆಂಕಿ ಬರೀ ಆಯುಧವಾಗಿ ಬಂದಿಲ್ಲ. ನೀವು ಓಡಾಡ್ತಿರೋದು ಸ್ಟೆಮ್ ಅನ್ನೋ ಯಂತ್ರದ ಮೂಲಕ ಕಥೆಯ ಖಳನಾಯಕ ರೂವಿಕ್‌ನ ಮನಸ್ಸಿನೊಳಗೆ. ಚಿಕ್ಕವನಿದ್ದಾಗ ಅವನ ಅಕ್ಕ ಲಾರಾ ಸುಟ್ಟುಹೋಗಿದ್ದು ಒಂದು ಕೊಟ್ಟಿಗೆಯಲ್ಲಿ, ಅವನ ಮೈಯೂ ಅಲ್ಲೇ ಬೆಂದದ್ದು. ಸೆಬಾಸ್ಟಿಯನ್ನನಿಗೂ ಮನೆಗೆ ಬಿದ್ದ ಬೆಂಕಿಯಲ್ಲಿ ಮಗಳು ಹೋದಳು ಅನ್ನೋ ಸಂಕಟ. ಅದಕ್ಕೇ ಮುಂದೆ ಕೂದಲು ಇಳಿಬಿಟ್ಟು, ಹಲವು ಕೈಗಳಲ್ಲಿ ತೆವಳಿಕೊಂಡು ಬರೋಳು (ಲಾರಾಳ ರಾಕ್ಷಸಿ ರೂಪ) ಬೆಂಕಿ ಕಂಡರೆ ಹಿಮ್ಮೆಟ್ಟುತ್ತಾಳೆ. ಅವಳ ಮೇಲೆ ಗುಂಡು ಸುರಿಯಬೇಡಿ, ಬೆಂಕಿ ಅಡ್ಡ ಇಟ್ಟು ಓಡಿ.

ಇನ್ನು ಕರೆಂಟ್. ಚೆಕ್‌ಪಾಯಿಂಟಲ್ಲಿ ತಾನಾಗೇ ಸೇವ್ ಆಗುತ್ತೆ, ಕರೆಂಟ್ ಹೋದರೆ ಅಲ್ಲಿಂದೀಚಿನದು ಮಾತ್ರ ಹೋಗೋದು. ಭಯ ಇರೋದು ಸೇವ್ ಆಗ್ತಿರೋವಾಗಲೇ ಹೋದರೆ, ಫೈಲೇ ಕೆಡಬಹುದು. ಡೆಸ್ಕ್‌ಟಾಪ್ ಆದರೆ ಸಣ್ಣ ಯುಪಿಎಸ್ ಹಾಕಿಸಿ, ಗೇಮಿಂದ ಹೊರಬರೋಕೆ ಬೇಕಾದ ನಿಮಿಷ ಸಿಗುತ್ತೆ. ಲ್ಯಾಪ್‌ಟಾಪ್ ಬ್ಯಾಟರಿಗೆ ಹೋದರೆ ಗ್ರಾಫಿಕ್ಸ್ ಕಾರ್ಡಿನ ವೇಗ ಇಳಿದು ಚಿತ್ರ ತಡವರಿಸುತ್ತೆ, ಆಗ ಬಾಂಬ್ ಬಿಚ್ಚೋಕೆ ಹೋಗಬೇಡಿ.

ತೆರೆಯ ಮೇಲೆ-ಕೆಳಗೆ ಕಪ್ಪು ಪಟ್ಟಿ ಬರ್ತಿದ್ದರೆ ಸೆಟ್ಟಿಂಗ್ಸಲ್ಲಿ ತೆಗೀರಿ. 2014ರಲ್ಲಿ ಬಿಡುಗಡೆಯಾದಾಗ ಅದು ಕಡ್ಡಾಯ ಇತ್ತು, ಆಮೇಲಿನ ಅಪ್‌ಡೇಟಲ್ಲಿ ಆಯ್ಕೆ ಕೊಟ್ಟರು. ಪಟ್ಟಿ ಇದ್ದರೆ ಕಾಲಬುಡದ ತಂತಿ ಬಲೆ ಕಾಣಿಸಲ್ಲ. ಅಪ್‌ಡೇಟ್ ಆಗಿರದಿದ್ದರೆ ತೋಟದ ಮನೆಯ ಹಾಟ್‌ಸ್ಪಾಟಲ್ಲಿ ಕಷ್ಟಪಡಬೇಡಿ, ಗೇಮಿಗೆ 50 ಜಿಬಿ ಜಾಗ ಬೇಕು. ಹಾಸನದಲ್ಲಿ ಫೈಬರ್ ಇರೋರ ಹತ್ತಿರ ನಿಮ್ಮ ಸ್ಟೀಮ್ (ಪಿಸಿ ಗೇಮ್ ಕೊಳ್ಳೋ, ಇಳಿಸೋ ಆ್ಯಪ್) ಖಾತೆಯಲ್ಲಿ ಇಳಿಸಿ, ಸ್ಟೀಮ್‌ಆ್ಯಪ್ಸ್ ಒಳಗಿನ ಕಾಮನ್ ಫೋಲ್ಡರಿಂದ ಗೇಮ್ ಫೋಲ್ಡರನ್ನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಡಿಸ್ಕ್ ಎಕ್ಸ್‌ಫ್ಯಾಟ್ ಇರಲಿ, ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರಲ್ಲ. ಮನೆಯಲ್ಲಿ ಅದೇ ಜಾಗಕ್ಕೆ ಹಾಕಿ ಸ್ಟೀಮಲ್ಲಿ ಇನ್‌ಸ್ಟಾಲ್ ಒತ್ತಿದರೆ ಇರೋ ಫೈಲುಗಳನ್ನೇ ಪರೀಕ್ಷಿಸಿ, ಕಮ್ಮಿ ಇರೋದನ್ನ ಮಾತ್ರ ಇಳಿಸಿಕೊಳ್ಳುತ್ತೆ.