ಫ್ಯೂಸ್ ಕಾಯುವುದು ಪಂಪನ್ನಲ್ಲ, ವೈರನ್ನು

ಪ್ರಶ್ನೆ: ನಮಸ್ಕಾರ ಸರ್. ನಾವು ಬದಿಯಡ್ಕದವರು. ಹೋದ ವರ್ಷ ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ ತೆಗೆದುಕೊಂಡೆವು. ಬೊಲೆರೊಗೆ ಸಿಕ್ಕಿಸಿಕೊಂಡು ಬೇಕಲ, ರಾಣಿಪುರಕ್ಕೆಲ್ಲ ಹೋಗಿ ಬರುವುದುಂಟು. ಒಳಗೆ 12 ವೋಲ್ಟಿನ ಎಲ್‌ಇಡಿ ದೀಪ, ಎರಡು ಫ್ಯಾನು, ನೀರಿನ ಪಂಪು, ಸಣ್ಣ ಫ್ರಿಜ್ ಇವೆ. ದೀಪ ಮತ್ತು ಪಂಪಿಗೆ ಸೇರಿ ಇದ್ದ 15 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ನಮ್ಮ ಮನೆಯ ವೈರಿಂಗ್ ಮಾಡಿದವರು 30ರದ್ದು ಹಾಕಿ ಕೊಟ್ಟರು. ಈಗ ಫ್ಯೂಸ್ ಹೋಗುವುದಿಲ್ಲ, ಆದರೆ ಸಿಂಕಿನ ಕೆಳಗೆ ವೈರು ಮುಟ್ಟಿದರೆ ಬಿಸಿ. "12 ವೋಲ್ಟ್ ಅಲ್ವಾ, ಏನೂ ಆಗುವುದಿಲ್ಲ" ಅನ್ನುತ್ತಾರೆ. ಹಾಗೇ ಬಿಡಬಹುದೇ? ಇನ್ನೊಂದು, ರಾತ್ರಿ ಬ್ಯಾಟರಿ ಮೀಟರಿನಲ್ಲಿ 12.3 ಇದ್ದರೂ ಫ್ರಿಜ್ ನಿಂತುಬಿಡುತ್ತದೆ. ಯಾಕೆ?

ಉತ್ತರ: ಬಿಡಬಾರದು. ಇದನ್ನು ಓದಿದ ಕೂಡಲೇ ಆ 30ರ ಫ್ಯೂಸನ್ನು ಕಿತ್ತು ತೆಗೆಯಿರಿ, ಆಮೇಲೆ ಮುಂದೆ ಓದಿ.

12 ವೋಲ್ಟ್ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ ಎನ್ನುವುದು ನಿಜ. ಬೆಂಕಿ ಹಿಡಿಯುವ ವಿಷಯದಲ್ಲಿ ಮಾತ್ರ ಅದು ಮನೆ ಕರೆಂಟಿಗಿಂತ ಹೆಚ್ಚು ಕಾಟ ಕೊಡುತ್ತದೆ. ಮನೆಯ 230 ವೋಲ್ಟಿನಲ್ಲಿ 60 ವ್ಯಾಟಿನ ಒಂದು ಸಾಮಾನು ಎಳೆಯುವುದು ಕಾಲು ಆಂಪಿಯರ್. ಅದೇ 60 ವ್ಯಾಟಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ವೈರು ಬಿಸಿಯಾಗುವುದು ಆಂಪಿಯರಿನಿಂದ, ಅದೂ ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. 1 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 10 ಆಂಪಿಯರ್ ಹರಿದರೆ ಪ್ರತಿ ಮೀಟರಿಗೆ ಎರಡು ವ್ಯಾಟಿನೊಳಗೆ ಶಾಖ. 25 ಆಂಪಿಯರ್ ಹರಿದರೆ ಸುಮಾರು 11 ವ್ಯಾಟ್. ಟ್ರೇಲರಿನಲ್ಲಿ ಆ ವೈರು ಪ್ಲೈವುಡ್ಡಿನ ಹಿಂದೆ, ಥರ್ಮೋಕೋಲಿನ ನಡುವೆ ಹೋಗಿರುತ್ತದೆ. ಶಾಖಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ.

ಪಂಪು ಸುಟ್ಟುಹೋಗದಿರಲಿ ಎಂದು ಫ್ಯೂಸ್ ಹಾಕುತ್ತಾರೆ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಅದು ಇರುವುದು ವೈರಿಗೋಸ್ಕರ. ಯಾವ ಅಂಕಿಯ ಫ್ಯೂಸ್ ಎನ್ನುವುದನ್ನು ವೈರಿನ ದಪ್ಪ ನೋಡಿ ನಿರ್ಧರಿಸಬೇಕು. ನಮ್ಮ ಕಡೆಯ ಸೆಕೆ, ಮುಚ್ಚಿದ ಗೋಡೆ ಎರಡನ್ನೂ ಲೆಕ್ಕಕ್ಕೆ ಹಿಡಿದು ನಾನು 1 ಸ್ಕ್ವೇರ್ ಎಂಎಂ ವೈರಿಗೆ 7.5, 1.5ಕ್ಕೆ 10, 2.5ಕ್ಕೆ 15 ಅಥವಾ 20, 4ಕ್ಕೆ 30 ಆಂಪಿಯರ್ ದಾಟುವುದಿಲ್ಲ. 30 ಎಂದು ಬರೆದ ಫ್ಯೂಸ್ 30 ದಾಟಿದ ಗಳಿಗೆಯಲ್ಲೇ ಹೋಗುತ್ತದೆ ಎಂದೂ ಇಲ್ಲ. 33 ಆಂಪಿಯರನ್ನು ಅದು ಗಂಟೆಗಟ್ಟಲೆ ಹರಿಯಬಿಡುತ್ತದೆ. ಅಷ್ಟು ಹೊತ್ತು ತೆಳು ವೈರು ಬೇಯುತ್ತಿರುತ್ತದೆ.

15ರದ್ದು ಹೋಗುತ್ತಿತ್ತಲ್ಲ, ಅದಕ್ಕೊಂದು ಕಾರಣ ಇತ್ತು. ಆ ಕಾರಣ ಈಗಲೂ ನಿಮ್ಮ ಟ್ರೇಲರಿನಲ್ಲೇ ಕೂತಿದೆ. ಹಳೆಯ ಸುಟ್ಟ ಫ್ಯೂಸ್ ಎಸೆಯದೆ ಇಟ್ಟಿದ್ದರೆ ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ಕಿನ ಒಳಗೆ ಕಪ್ಪು ಮಸಿಯೋ ಬೆಳ್ಳಿಯಂಥ ಚುಕ್ಕೆಯೋ ಸಿಡಿದಿದ್ದರೆ ನೇರ ಶಾರ್ಟ್, ಅಂದರೆ ಪ್ಲಸ್ ವೈರು ಎಲ್ಲಿಯೋ ಕಬ್ಬಿಣಕ್ಕೆ ತಾಗಿದೆ. ಮಸಿ ಇಲ್ಲದೆ ನಡುವಿನ ಎಳೆ ಮಾತ್ರ ಕರಗಿ ತುಂಡಾಗಿದ್ದರೆ ಓವರ್‌ಲೋಡ್. ಪಂಪಿನ ಜಾಲರಿಯಲ್ಲಿ ಕಸ ಕಟ್ಟಿದರೆ ಅಥವಾ ಮೋಟಾರು ಬಿಗಿಯಾದರೆ ಹೀಗಾಗುತ್ತದೆ. ಪಂಪಿನ ಮೈಮೇಲೆ ಅದು ಗರಿಷ್ಠ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಬರೆದಿರುತ್ತದೆ. ಅದಕ್ಕೆ ದೀಪದ್ದನ್ನು ಕೂಡಿಸಿ ನೋಡಿ.

ಶಾರ್ಟ್ ಹುಡುಕಲು ಹತ್ತು ಫ್ಯೂಸ್ ಸುಡಬೇಕಾಗಿಲ್ಲ. ಕಾರಿನ ಇಂಡಿಕೇಟರಿನ 21 ವ್ಯಾಟ್ ಬಲ್ಬು ಒಂದು ತೆಗೆದುಕೊಳ್ಳಿ. ಎರಡು ತುಂಡು ವೈರು ಬೆಸೆದು, ಅವಕ್ಕೆ ಫ್ಯೂಸಿನ ಜಾಗದಲ್ಲಿ ಕೂರುವಂಥ ಚಪ್ಪಟೆ ಟರ್ಮಿನಲ್ ಹಾಕಿ. ದೀಪ, ಪಂಪು ಎಲ್ಲದರ ಸ್ವಿಚ್ ಆಫ್ ಮಾಡಿ, ಫ್ಯೂಸ್ ಇದ್ದಲ್ಲಿ ಈ ಬಲ್ಬನ್ನು ಸಿಕ್ಕಿಸಿ. ಎಲ್ಲ ಆಫ್ ಇದ್ದೂ ಬಲ್ಬು ಪೂರ್ತಿ ಉರಿದರೆ ಶಾರ್ಟ್ ಇದೆ. ಎಷ್ಟೇ ಶಾರ್ಟ್ ಇದ್ದರೂ ಬಲ್ಬು ಎರಡು ಆಂಪಿಯರಿಗಿಂತ ಹೆಚ್ಚು ಬಿಡುವುದಿಲ್ಲವಾದ್ದರಿಂದ ವೈರಿಗೆ ಅಪಾಯ ಇಲ್ಲ. ಈಗ ಒಬ್ಬರು ಬಲ್ಬು ನೋಡುತ್ತಾ ಕೂರಲಿ, ಇನ್ನೊಬ್ಬರು ವೈರಿನ ಉದ್ದಕ್ಕೂ ಹೋಗಿ ಅಲ್ಲಲ್ಲಿ ಅಲ್ಲಾಡಿಸಲಿ, ಒಂದೊಂದೇ ಕನೆಕ್ಷನ್ ಬಿಚ್ಚಲಿ. ಬಲ್ಬು ಯಾವಾಗ ನಂದುತ್ತದೋ ಜಾಗ ಅದೇ. ಮೊದಲು ಸಿಂಕಿನ ಕೆಳಗೆ ನೋಡಿ, ವೈರು ತಗಡಿನ ತೂತಿನಲ್ಲಿ ರಬ್ಬರ್ ಬುಷ್ ಇಲ್ಲದೆ ಹಾದುಹೋಗಿದ್ದರೆ ಅದೇ ಕಳ್ಳ. ಟ್ರೇಲರನ್ನು ಅಡಿಕೆ ತೋಟದ ಪಕ್ಕ ನಿಲ್ಲಿಸುವುದಾದರೆ ಇಲಿ ಕಡಿದಿರುವುದನ್ನೂ ನೋಡಿ.

ಕೆಲಸಕ್ಕೆ ಕೂರುವ ಮೊದಲು ಕೈಯ ಉಂಗುರ, ಬಳೆ ತೆಗೆದಿಡಿ. ವೈರು ಕತ್ತರಿಸುವುದು, ಜೋಡಿಸುವುದು ಇದ್ದರೆ ಮನೆ ಕರೆಂಟು, ಸೋಲಾರ್ ಎರಡನ್ನೂ ಕಳಚಿ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಹೀಗೆ ಮಾಡಿದರೆ ಸ್ಪ್ಯಾನರ್ ಪ್ಲಸ್‌ನಿಂದ ಟ್ರೇಲರಿನ ಕಬ್ಬಿಣಕ್ಕೆ ತಾಗಿ ಕಿಡಿ ಹಾರುವ ಪ್ರಮೇಯವೇ ಬರುವುದಿಲ್ಲ.

ಈಗ ಫ್ರಿಜ್ ವಿಷಯ. ಅಡಿಕೆ ತೋಟದ ಸ್ಪ್ರಿಂಕ್ಲರಿಗೆ ಅರ್ಧ ಇಂಚಿನ ಪೈಪಿನಲ್ಲಿ ದೂರದಿಂದ ನೀರು ಕೊಟ್ಟರೆ ಟ್ಯಾಂಕು ತುಂಬಿದ್ದರೂ ಕೊನೆಯಲ್ಲಿ ನೀರು ಹಾರುವುದಿಲ್ಲ. ಇಲ್ಲಿ ಆಗಿರುವುದೂ ಅದೇ. ನಿಮ್ಮ ಮೀಟರು ತೋರಿಸುವುದು ಬ್ಯಾಟರಿಯ ಬಾಯಲ್ಲಿರುವ ವೋಲ್ಟೇಜು. ಫ್ರಿಜ್ 7 ಮೀಟರ್ ದೂರ ಇದೆ ಎಂದಿಟ್ಟುಕೊಳ್ಳಿ. ಹೋಗಿ ಬರಲು 14 ಮೀಟರ್ ವೈರು. 1.5 ಸ್ಕ್ವೇರ್ ಎಂಎಂ ವೈರಿನಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ 0.8 ವೋಲ್ಟ್ ಕಳೆದುಹೋಗುತ್ತದೆ. 12.3 ಹೊರಟದ್ದು ಫ್ರಿಜ್ ತಲುಪುವಾಗ 11.5. ಕಂಪ್ರೆಸರ್ ಹೊರಡುವ ಗಳಿಗೆಯಲ್ಲಿ ಕರೆಂಟು ಇನ್ನೂ ಹೆಚ್ಚು, ವೋಲ್ಟೇಜು ಇನ್ನೂ ಕಡಿಮೆ. ಬ್ಯಾಟರಿ ಕಾಪಾಡಲು ಫ್ರಿಜ್ಜಿನೊಳಗೆ ಇರುವ ಕಟ್‌ಆಫ್ ಆಗ ಅದನ್ನು ನಿಲ್ಲಿಸಿಬಿಡುತ್ತದೆ. ಬ್ಯಾಟರಿ ಬದಲಿಸಲು ದುಡ್ಡು ಹಾಕಬೇಡಿ. ಬ್ಯಾಟರಿಯ ಫ್ಯೂಸ್ ಬಾಕ್ಸಿನಿಂದ ಫ್ರಿಜ್ಜಿಗೆಂದೇ 6 ಸ್ಕ್ವೇರ್ ಎಂಎಂ ವೈರು ಪ್ಲಸ್ ಒಂದು, ಮೈನಸ್ ಒಂದು ಎಳೆಸಿ, 15ರ ಫ್ಯೂಸ್ ಹಾಕಿ. ನಷ್ಟ 0.2 ವೋಲ್ಟಿಗೆ ಇಳಿಯುತ್ತದೆ.

ಮೈನಸ್ ಕೂಡ ವೈರಿನಲ್ಲೇ ಬರಲಿ ಎಂದು ಒತ್ತಿ ಹೇಳುತ್ತೇನೆ. ಬೊಲೆರೊ ಮತ್ತು ಟ್ರೇಲರಿನ ನಡುವೆ ಅರ್ತ್ ವೈರು ಹಾಕದೆ ಕೊಂಡಿಯ ಉಂಡೆಯ ಮೂಲಕವೇ ಕರೆಂಟು ವಾಪಸ್ ಹೋಗಲಿ ಎಂದು ಬಿಟ್ಟಿರುವ ಟ್ರೇಲರುಗಳುಂಟು. ಅಲ್ಲಿ ಗ್ರೀಸು, ತುಕ್ಕು ಎರಡೂ ಇರುತ್ತವೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಮಿಣುಕುವುದು ಇದೇ ಕಾರಣಕ್ಕೆ. ಓಡುವಾಗ ಟ್ರೇಲರಿನ ಬ್ಯಾಟರಿ ಚಾರ್ಜ್ ಆಗಲೆಂದು ಬೊಲೆರೊದಿಂದ ವೈರು ಎಳೆದಿದ್ದರೆ ಅದರ ಎರಡು ತುದಿಯಲ್ಲೂ ಬ್ಯಾಟರಿ ಇದೆ ಎಂಬುದನ್ನು ಮರೆಯಬೇಡಿ. ನಡುವೆ ಶಾರ್ಟ್ ಆದರೆ ಎರಡೂ ಕಡೆಯಿಂದ ಕರೆಂಟು ನುಗ್ಗುತ್ತದೆ. ಆದ್ದರಿಂದ ಆ ಒಂದು ವೈರಿಗೆ ಎರಡು ಫ್ಯೂಸ್, ಆಯಾ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನ ಒಳಗೆ, ಅಂದರೆ ಏಳೆಂಟು ಇಂಚಿನೊಳಗೆ. ಬ್ಯಾಟರಿಯಿಂದ ಫ್ಯೂಸಿನವರೆಗಿನ ತುಂಡಿಗೆ ಯಾರ ಕಾವಲೂ ಇಲ್ಲ, ಹಾಗಾಗಿ ಅದು ಗಿಡ್ಡ ಇದ್ದಷ್ಟೂ ಒಳ್ಳೆಯದು.

ಜಾಯಿಂಟುಗಳ ಬಗ್ಗೆಯೂ ಒಂದು ಮಾತು. ಮನೆ ವೈರಿಂಗಿನವರು ತಿರುಚಿ ಟೇಪು ಸುತ್ತಿದ ಜಾಯಿಂಟು ಗೋಡೆಯೊಳಗೆ ಅಲ್ಲಾಡದೆ ಇರಬಹುದು, ಟ್ರೇಲರಿನಲ್ಲಿ ಒಂದು ಮಳೆಗಾಲ ಬಾಳುವುದಿಲ್ಲ. ಬೇಕಲದ ಉಪ್ಪುಗಾಳಿ, ಆಟಿ ತಿಂಗಳ ತೇವ ಸೇರಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಕಿಲುಬು ಹಿಡಿದಲ್ಲಿ ತಡೆ ಹೆಚ್ಚಿ ಅಲ್ಲೇ ಬಿಸಿ. ಫ್ಯೂಸ್ ಚೆನ್ನಾಗಿದ್ದೂ ಹೋಲ್ಡರಿನ ಪ್ಲಾಸ್ಟಿಕ್ ಕರಗಿರುವುದು ಕಂಡರೆ ಸಡಿಲ ಟರ್ಮಿನಲ್ಲೇ ಕಾರಣ, ಅದನ್ನು ಯಾವ ಫ್ಯೂಸೂ ತಡೆಯಲಾರದು. ವೈರಿನ ತುದಿಗೆ ಸರಿಯಾದ ಅಳತೆಯ ಲಗ್ (ಲೋಹದ ಟರ್ಮಿನಲ್) ಹಾಕಿ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿಸಿ, ಅದರ ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ, ಒಳಮೈಗೆ ಅಂಟು ಸವರಿದ್ದು ಹಾಕಿಸಿ. ಸಿಕ್ಕಿದರೆ ತವರ ಲೇಪಿಸಿದ ತಾಮ್ರದ ವೈರೇ ತನ್ನಿ, ಬೆಲೆ ಹೆಚ್ಚಾದರೂ ಕರಾವಳಿಯಲ್ಲಿ ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಪ್ರಶ್ನೆ: ಫ್ಯೂಸಿನ ಬದಲು ಮನೆಯ ಎಂಸಿಬಿ ಹಾಕಿದರೆ ಆಗದೇ? ಹೋದಾಗ ಎತ್ತಿಬಿಟ್ಟರೆ ಸಾಕಲ್ಲ. (ಮುಳ್ಳೇರಿಯದಿಂದ)

ಉತ್ತರ: ಅದರ ಮೈಮೇಲೆ ಡಿಸಿ ವೋಲ್ಟ್ ಎಷ್ಟು ಎಂದು ಬರೆದಿದ್ದರೆ ದೀಪ, ಫ್ಯಾನಿನ ಸಣ್ಣ ಸರ್ಕ್ಯೂಟಿಗೆ ಆಗಬಹುದು. ಬರೀ 230 ಅಥವಾ 400 ಎಸಿ ಎಂದಿದ್ದರೆ ಬೇಡ. ಮನೆ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ, ಎಂಸಿಬಿಯೊಳಗಿನ ಕಿಡಿ ಆಗ ತಾನಾಗಿ ಆರುತ್ತದೆ. ಬ್ಯಾಟರಿಯ ಕರೆಂಟು ಸೊನ್ನೆಗೆ ಬರುವುದೇ ಇಲ್ಲ. ಬ್ಯಾಟರಿಯ ಪಕ್ಕದ ಮುಖ್ಯ ಫ್ಯೂಸಿನ ಜಾಗದಲ್ಲಂತೂ ಎಂಸಿಬಿ ಬೇಡವೇ ಬೇಡ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಗಟ್ಟಲೆ ಆಂಪಿಯರ್ ಬರುತ್ತದೆ. ಅಲ್ಲಿ ಅಷ್ಟು ದೊಡ್ಡ ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸೇ ಆಗಬೇಕು. ಅದರ ಅಂಕಿ ಆರಿಸುವಾಗ, 1000 ವ್ಯಾಟಿನ ಇನ್ವರ್ಟರ್ ಇದ್ದರೆ ಅದೊಂದೇ 90-100 ಆಂಪಿಯರ್ ಎಳೆಯುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ಮಳೆಗಾಲಕ್ಕೆ ಟ್ರೇಲರಿನ ಬ್ಯಾಟರಿ ತೆಗೆದಿಟ್ಟಿದ್ದೆವು. ಮತ್ತೆ ಹಾಕಿದ ಮೇಲೆ ಮನೆ ಕರೆಂಟು ಕೊಟ್ಟರೆ ಎಲ್ಲ ಓಡುತ್ತದೆ, ಕಳಚಿದರೆ ಒಂದು ದೀಪವೂ ಇಲ್ಲ. ಬ್ಯಾಟರಿ ಚಾರ್ಜೂ ಆಗುವುದಿಲ್ಲ. ಬ್ಯಾಟರಿಗೆ ಬರುವ ವೈರುಗಳು ಒಂದು ಕಪ್ಪು, ಒಂದು ಬಿಳಿ. ಕಪ್ಪನ್ನು ಮೈನಸ್‌ಗೆ ಹಾಕಿದೆವು. (ಉಪ್ಪಳದಿಂದ)

ಉತ್ತರ: ಬಹುಶಃ ಉಲ್ಟಾ ಹಾಕಿದ್ದೀರಿ. ನಮ್ಮ ಗಾಡಿಗಳಲ್ಲಿ ಕಪ್ಪು ಸಾಮಾನ್ಯವಾಗಿ ಅರ್ತ್, ಮನೆಯಲ್ಲಿ ಕಪ್ಪು ನ್ಯೂಟ್ರಲ್. ಅಮೆರಿಕದ ಟ್ರೇಲರುಗಳ ಪದ್ಧತಿಯಲ್ಲಿ ಬಿಳಿ ಅರ್ತ್, ಕಪ್ಪು 12 ವೋಲ್ಟ್ ಪ್ಲಸ್. ನಿಮ್ಮದನ್ನು ಆ ನಕ್ಷೆ ನೋಡಿ ಕಟ್ಟಿದಂತೆ ಕಾಣುತ್ತದೆ. ಯೂಟ್ಯೂಬ್ ನೋಡಿ ವೈರಿಂಗ್ ಮಾಡುವವರು ಇದನ್ನು ಗಮನಿಸಬೇಕು, ಬಣ್ಣ ನಂಬಿ ಜೋಡಿಸಲೇಬಾರದು.

ಬ್ಯಾಟರಿ, ಮನೆ ಕರೆಂಟು ಎರಡೂ ಕಳಚಿ. ಮಲ್ಟಿಮೀಟರನ್ನು ಬೀಪ್ ಬರುವ ಜಾಗಕ್ಕೆ ತಿರುಗಿಸಿ, ಒಂದು ಕಡ್ಡಿ ಚಾಸಿಗೆ (ಟ್ರೇಲರಿನ ಕಬ್ಬಿಣದ ಚೌಕಟ್ಟಿಗೆ), ಇನ್ನೊಂದನ್ನು ವೈರುಗಳಿಗೆ ಒಂದೊಂದಾಗಿ ತಾಗಿಸಿ. ಚಾಸಿಯೊಂದಿಗೆ ಗಟ್ಟಿ ಬೀಪ್ ಬಂದದ್ದು ಮೈನಸ್. ಆಮೇಲೆ ಕನ್ವರ್ಟರಿನ, ಅಂದರೆ ಮನೆ ಕರೆಂಟನ್ನು 12 ವೋಲ್ಟ್ ಮಾಡಿ ಬ್ಯಾಟರಿ ಚಾರ್ಜ್ ಮಾಡುವ ಪೆಟ್ಟಿಗೆಯ, ಫ್ಯೂಸ್ ಸಾಲು ನೋಡಿ. ದೀಪ, ಪಂಪು ಎಂದು ಗುರುತು ಹಾಕಿದವುಗಳಿಂದ ಬೇರೆಯಾಗಿ ಒಂದೋ ಎರಡೋ ದೊಡ್ಡ ಫ್ಯೂಸ್ ಇರುತ್ತವೆ, ಹೆಚ್ಚಾಗಿ 30 ಅಥವಾ 40ರವು. ರಿವರ್ಸ್ ಪೊಲಾರಿಟಿ ಫ್ಯೂಸ್ ಎಂದರೆ ಅವೇ. ಬ್ಯಾಟರಿ ಉಲ್ಟಾ ಆದರೆ ಕನ್ವರ್ಟರನ್ನು ಉಳಿಸಲು ಅವು ಮೊದಲು ಹೋಗುತ್ತವೆ. ಹೋದ ಮೇಲೆ ಬ್ಯಾಟರಿಗೂ ಟ್ರೇಲರಿಗೂ ಸಂಬಂಧವೇ ಇರುವುದಿಲ್ಲ, ಅದಕ್ಕೇ ಮನೆ ಕರೆಂಟಿನಲ್ಲಿ ಮಾತ್ರ ಎಲ್ಲ ಓಡುವುದು. ಬ್ಲೇಡ್ ಫ್ಯೂಸಿನಲ್ಲಿ 30ಕ್ಕೆ ಹಸಿರು ಬಣ್ಣ, ಆದರೂ ಮೇಲಿನ ಅಂಕಿ ಓದಿಯೇ ಅದೇ ಅಳತೆಯದು ತನ್ನಿ. ಬ್ಯಾಟರಿ ಸರಿಯಾಗಿ ಜೋಡಿಸಿ ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಹೋದರೆ ಕನ್ವರ್ಟರಿನ ಒಳಗೇ ಕೆಟ್ಟಿದೆ ಎಂದರ್ಥ. ನೀವೇ ಬಿಚ್ಚಲು ಹೋಗಬೇಡಿ, ಅದರೊಳಗೆ 230 ವೋಲ್ಟ್ ಉಂಟು. ರಿಪೇರಿಯವರ ಕೈಗೆ ಕೊಡಿ.